ಹದಿನೈದು ತುಂಬಿದ ಕಾರು: ಎಫ್‌ಸಿಗೆ ಹೋಗುವ ಮೊದಲು ಲಕ್ಷಣ ನೋಡಿ ದೋಷ ಹುಡುಕುವುದು

2025ರಲ್ಲಿ ನನ್ನ ಕಾರಿಗೆ ಹದಿನೈದು ತುಂಬಿತು. ಶಿವಮೊಗ್ಗದಲ್ಲಿ ನೋಂದಣಿಯಾದ, ಮ್ಯಾನ್ಯುವಲ್ ಗೇರಿನ, ಪೆಟ್ರೋಲ್ ಸಣ್ಣ ಕಾರು. ಖಾಸಗಿ ಕಾರಿನ ಆರ್‌ಸಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಆರ್‌ಟಿಒದಲ್ಲಿ ಗಾಡಿ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ನಮ್ಮ ಬಾಯಲ್ಲಿ ಅದು ‘ಎಫ್‌ಸಿ ಮಾಡಿಸೋದು’. ಅದರ ನೆಪದಲ್ಲಿ ಮೂರು ತಿಂಗಳು ಪ್ರತಿ ಭಾನುವಾರ ಬೆಳಿಗ್ಗೆ ಬಾನೆಟ್ ಎತ್ತಿ ನಿಂತೆ. ಗ್ಯಾರೇಜಿಗೆ ಹೋಗಿ ‘ಏನೋ ಸೌಂಡ್ ಬರ್ತಿದೆ, ನೋಡಿ’ ಅನ್ನುವವರಿಗೆ ಒಂದು ಬಿಲ್ಲು, ‘ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಎಡ ಮುಂದಿನ ಚಕ್ರದಲ್ಲಿ ಟಕಟಕ ಅನ್ನುತ್ತೆ’ ಅನ್ನುವವರಿಗೆ ಇನ್ನೊಂದು ಬಿಲ್ಲು ಎಂಬುದು ಆಗ ಅರ್ಥವಾಯಿತು.

ನಾನು ಮೆಕ್ಯಾನಿಕ್ ಅಲ್ಲ. ಇಲ್ಲಿರುವುದೆಲ್ಲ ಮನೆಯ ಅಂಗಳದಲ್ಲಿ ನಿಂತು ಮಾಡಬಹುದಾದ ಪರೀಕ್ಷೆಗಳು. ಒಂದು ಟಾರ್ಚ್, ಸಾದಾ ಮಲ್ಟಿಮೀಟರ್, ಗಾಳಿ ಅಳೆಯುವ ಗೇಜ್, 10 ನಂಬರ್ ಸ್ಪ್ಯಾನರ್, ಹಳೇ ಬನಿಯನ್ ಬಟ್ಟೆ ಇದ್ದರೆ ಸಾಕು.

ಕೈ ಹಾಕುವ ಮೊದಲು ಮೂರು ಮಾತು. ಬರೀ ಜಾಕಿಯ ಮೇಲೆ ನಿಂತ ಕಾರಿನ ಕೆಳಗೆ ತಲೆಯಿರಲಿ, ಕೈಯನ್ನೂ ಇಡಬೇಡಿ. ಜಾಕಿ ಇರುವುದು ಚಕ್ರ ಬದಲಿಸಲು ಮಾತ್ರ. ಶಟರ್ ಎಳೆದ ಶೆಡ್ಡಿನೊಳಗೆ ಇಂಜಿನ್ ಓಡಿಸಬೇಡಿ, ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಕೀ ತೆಗೆದಿದ್ದರೂ ಕೆಲವು ಕಾರುಗಳಲ್ಲಿ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗುತ್ತದೆ, ಅದರಿಂದ ಬೆರಳು ದೂರವಿರಲಿ.

ಕೀ ತಿರುಗಿಸಿದರೆ ಸೆಲ್ಫ್ ತಗೊಳ್ಳುತ್ತಿಲ್ಲ

ಮೊದಲು ಕಿವಿ ಕೊಡಿ. ಮೂರು ಬಗೆಯ ಸದ್ದಿಗೆ ಮೂರು ಅರ್ಥ.

ಟಿಕ್‌ಟಿಕ್‌ಟಿಕ್ ಎಂದು ಬೇಗ ಬೇಗ ಬಡಿದುಕೊಂಡು ಡ್ಯಾಶ್‌ಬೋರ್ಡಿನ ದೀಪಗಳು ಮಂಕಾದರೆ ಬ್ಯಾಟರಿ ಸೋತಿದೆ, ಇಲ್ಲವೇ ಟರ್ಮಿನಲ್ ಸಡಿಲವಾಗಿದೆ. ಬ್ಯಾಟರಿಗೆ ದುಡ್ಡು ಸುರಿಯುವ ಮೊದಲು ಟರ್ಮಿನಲ್ ನೋಡಿ. ಬಿಳಿ, ಹಸಿರು ಹುಡಿ ಕಟ್ಟಿಕೊಂಡಿದ್ದರೆ ಕಪ್ಪು ವೈರನ್ನು ಮೊದಲು ಬಿಚ್ಚಿ, ಆಮೇಲೆ ಕೆಂಪು. ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಒರೆಸಿ, ಬಿಗಿಯಾಗಿ ಕೂರಿಸಿ. ಹಾಕುವಾಗ ಕೆಂಪು ಮೊದಲು, ಕಪ್ಪು ಕೊನೆಗೆ. ನಮ್ಮ ಮಳೆಗಾಲದಲ್ಲಿ ಅರ್ಧಕ್ಕರ್ಧ ‘ಬ್ಯಾಟರಿ ಹೋಯ್ತು’ ಎಂಬ ದೂರು ಇಲ್ಲಿಗೇ ಮುಗಿಯುತ್ತದೆ ಎಂಬುದು ನನ್ನ ಅನುಭವ.

ಮುಗಿಯದಿದ್ದರೆ ಮಲ್ಟಿಮೀಟರ್. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಿದರೆ ತುಂಬಿದೆ. 12.2 ಅಂದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡದೆ ಏನನ್ನೂ ತೀರ್ಮಾನಿಸಬೇಡಿ. ಮನೆಯವರೊಬ್ಬರು ಸೆಲ್ಫ್ ಹೊಡೆಯುವಾಗ ಮೀಟರ್ ನೋಡಿ. ತುಂಬಿದ ಬ್ಯಾಟರಿಯೂ ಆಗ 9.6ಕ್ಕಿಂತ ಕೆಳಗೆ ಕುಸಿದರೆ ಅದರ ಆಯುಸ್ಸು ಮುಗಿದಿದೆ. ಇಂಜಿನ್ ಓಡುವಾಗ 13.8ರಿಂದ 14.4ರವರೆಗೆ ಇದ್ದರೆ ಆಲ್ಟರ್ನೇಟರ್ ಚಾರ್ಜ್ ಕೊಡುತ್ತಿದೆ. ಓಡುವಾಗಲೂ 12.4ರಲ್ಲೇ ನಿಂತಿದ್ದರೆ ಹೊಸ ಬ್ಯಾಟರಿ ತಂದರೂ ವಾರದಲ್ಲಿ ಮಲಗುತ್ತದೆ. ಬೆಲ್ಟ್ ಸಡಿಲವೋ ಆಲ್ಟರ್ನೇಟರ್ ಕೆಟ್ಟಿದೆಯೋ ಆಟೋ ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ದೀಪಗಳೆಲ್ಲ ಪ್ರಖರವಾಗಿವೆ, ಒಂದೇ ಒಂದು ‘ಟಕ್’ ಕೇಳಿ ಸುಮ್ಮನಾಯಿತು ಅಂದರೆ ಸ್ಟಾರ್ಟರ್ ಮೋಟಾರ್ ಅಥವಾ ಅದರ ಸಾಲಿನಾಯ್ಡ್. ಇದು ಬಿಚ್ಚಿ ನೋಡುವವರ ಕೆಲಸ.

ಇಂಜಿನ್ ಚೆನ್ನಾಗಿ ತಿರುಗುತ್ತದೆ, ಆದರೆ ಹತ್ತಿಕೊಳ್ಳುವುದಿಲ್ಲ ಅಂದರೆ ಬ್ಯಾಟರಿಯನ್ನು ಬಯ್ಯಬೇಡಿ. ರೇಡಿಯೋ ಆಫ್ ಮಾಡಿ, ಕೀಯನ್ನು ಆನ್‌ಗೆ ಮಾತ್ರ ತಿರುಗಿಸಿ, ಹಿಂದಿನ ಸೀಟಿನ ಕಡೆ ಕಿವಿಯಿಡಿ. ಎರಡು ಸೆಕೆಂಡ್ ‘ಜುಂಯ್’ ಎನ್ನಬೇಕು, ಅದು ಪೆಟ್ರೋಲ್ ಪಂಪ್. ಸದ್ದೇ ಇಲ್ಲದಿದ್ದರೆ ಮೊದಲು ಅದರ ಫ್ಯೂಸ್, ಆಮೇಲೆ ರಿಲೇ. ಡ್ಯಾಶ್‌ಬೋರ್ಡಿನಲ್ಲಿ ಕೀ ಚಿತ್ರದ ದೀಪ ಮಿಣುಕುತ್ತಿದ್ದರೆ ಕಳ್ಳತನ ತಡೆಯುವ ಇಮ್ಮೊಬಿಲೈಸರ್ ನಿಮ್ಮ ಕೀಯನ್ನು ಗುರುತಿಸುತ್ತಿಲ್ಲ, ಇನ್ನೊಂದು ಕೀ ಹಾಕಿ ನೋಡಿ.

ಇನ್ನು ಇಲಿ. ಹಿತ್ತಲಲ್ಲಿ ಅಡಿಕೆ, ತೆಂಗು, ಅಕ್ಕಿಮೂಟೆ ಇರುವ ಮನೆಯವರಿಗೆ ನಾನು ಹೇಳಬೇಕಾದ್ದಿಲ್ಲ. ಬ್ಯಾಟರಿಯ ಹಿಂದೆ, ಏರ್ ಫಿಲ್ಟರ್ ಡಬ್ಬದ ಕೆಳಗೆ ಟಾರ್ಚ್ ಬಿಟ್ಟು ನೋಡಿ: ಕಪ್ಪು ಹಿಕ್ಕೆ, ಹತ್ತಿಯಂತೆ ಕಡಿದ ಬಾನೆಟ್ ಇನ್ಸುಲೇಷನ್, ತಾಮ್ರ ಕಾಣುವ ವೈರು. ಕಡಿದ ವೈರನ್ನು ಹೊಸೆದು ಟೇಪ್ ಸುತ್ತುವುದು ಮನೆಗೆ ತಲುಪುವ ಮಟ್ಟಿಗೆ ಸರಿ. ಸೆನ್ಸರಿನ ವೈರಾದರೆ ಸೋಲ್ಡರ್ ಮಾಡಿಸಲೇಬೇಕು, ಇಲ್ಲದಿದ್ದರೆ ಆರು ತಿಂಗಳ ಮೇಲೆ ಬೇರೊಂದು ಕಾಯಿಲೆಯ ವೇಷ ಹಾಕಿಕೊಂಡು ಬರುತ್ತದೆ. ಹೊಗೆಸೊಪ್ಪು ಕಟ್ಟಿ ನೋಡಿದೆ, ನಮ್ಮನೆ ಇಲಿಗೆ ಅದು ತಾಗಲಿಲ್ಲ. ಬಾನೆಟ್ ತೆರೆದಿಟ್ಟು ಬೆಳಕು ಹಾಕಿದ ಮೇಲೆ ಬರುವುದು ನಿಂತಿತು.

ಎರಡು ಎಚ್ಚರಿಕೆ. ತಳ್ಳಿ ಸ್ಟಾರ್ಟ್ ಮಾಡುವುದನ್ನು ಅಭ್ಯಾಸ ಮಾಡಿಕೊಳ್ಳಬೇಡಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗಿ, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ, ಅದರ ಬೆಲೆ ನಾಲ್ಕು ಬ್ಯಾಟರಿಯ ಬೆಲೆಯನ್ನೂ ಮೀರೀತು. ಅಂಡರ್‌ಪಾಸ್ ನೀರಲ್ಲಿ ನಿಂತುಹೋದ ಗಾಡಿಗೆ ಸೆಲ್ಫ್ ಹೊಡೆಯಲೇಬೇಡಿ. ಸಿಲಿಂಡರಿಗೆ ನೀರು ನುಗ್ಗಿದ್ದರೆ ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಆಮೇಲೆ ಇಂಜಿನ್ನೇ ಬಿಚ್ಚಬೇಕು. ಟೋ ಮಾಡಿಸಿ.

ಗಾಡಿ ಹೀಟ್ ಆಗುತ್ತಿದೆ

ಸೂಜಿ ಅರ್ಧ ದಾಟಿ ಏರತೊಡಗಿದರೆ ಎಸಿ ಆಫ್ ಮಾಡಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಪೂರ್ತಿ ಇಟ್ಟು ರಸ್ತೆ ಬದಿಗೆ ತನ್ನಿ. ಒಳಗೆ ಕುಳಿತವರು ಬೆವರಿಳಿಸಲಿ. ಹೀಟರ್ ಎಂಬುದು ಇನ್ನೊಂದು ಸಣ್ಣ ರೇಡಿಯೇಟರ್, ಇಂಜಿನ್ನಿನ ಬಿಸಿಯನ್ನು ಅದು ಎಳೆದುಕೊಳ್ಳುತ್ತದೆ. ಸೂಜಿ ಕೆಂಪಿಗೆ ತಲುಪಿದರೆ ಅಥವಾ ಆವಿ ಕಂಡರೆ ಇಂಜಿನ್ ಆಫ್. ಆವಿ ನಿಲ್ಲುವ ತನಕ ಬಾನೆಟ್ ಎತ್ತಬೇಡಿ. ಕನಿಷ್ಠ ಅರ್ಧ ಗಂಟೆ, ಮೇಲಿನ ಹೋಸ್ ಪೈಪನ್ನು ಬರಿಗೈಯಲ್ಲಿ ಹಿಡಿಯುವಷ್ಟು ಆರುವ ತನಕ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಒಳಗಿರುವುದು ಒತ್ತಡದಲ್ಲಿರುವ, ನೂರು ಡಿಗ್ರಿ ದಾಟಿದ ನೀರು. ಮುಚ್ಚಳ ತಿರುಗಿಸಿದ ಕ್ಷಣ ಮುಖಕ್ಕೆ ಚಿಮ್ಮುತ್ತದೆ. ಕಾದ ಇಂಜಿನ್ನಿನ ಮೇಲೆ ಬಾಟಲಿ ನೀರು ಸುರಿಯುವವರನ್ನು ಹೆದ್ದಾರಿ ಬದಿಯಲ್ಲಿ ನೋಡುತ್ತಲೇ ಇರುತ್ತೇನೆ. ಇಂಜಿನ್ನಿನ ಮೇಲ್ಭಾಗವಾದ ಹೆಡ್ ಸೀಳಲು ಅಷ್ಟು ಸಾಕು.

ತಣ್ಣಗಾದ ಮೇಲೆ ಪಕ್ಕದ ಪ್ಲಾಸ್ಟಿಕ್ ಡಬ್ಬದಲ್ಲಿ ಇಂಜಿನ್ ತಂಪಾಗಿಡುವ ಕೂಲೆಂಟ್ ಎಷ್ಟಿದೆ ನೋಡಿ. ಕೆಳಗಿನ ಗೆರೆಗಿಂತ ಇಳಿದಿದ್ದರೆ ಎಲ್ಲಿ ಹೋಯಿತು ಎಂದು ಹುಡುಕಬೇಕು. ಹೋಸ್ ಪೈಪಿನ ಕ್ಲಿಪ್, ರೇಡಿಯೇಟರಿನ ಅಂಚು, ವಾಟರ್ ಪಂಪಿನ ಕೆಳಗೆ ಹಸಿರು ಅಥವಾ ಗುಲಾಬಿ ಒಣಕಲು ಕಲೆ ಇರುತ್ತದೆ. ಒಳಗೆ ಡ್ರೈವರ್ ಪಕ್ಕದ ಕಾರ್ಪೆಟ್ ಜಿಗುಟಾಗಿ ಸಿಹಿ ವಾಸನೆ ಬಂದರೆ ಹೀಟರ್ ಕಾಯಿಲ್ ಸೋರುತ್ತಿದೆ.

ಕೂಲೆಂಟ್ ಸರಿಯಿದ್ದೂ ಹೀಟ್ ಆಗುತ್ತಿದ್ದರೆ ‘ಯಾವಾಗ’ ಎಂದು ಕೇಳಿಕೊಳ್ಳಿ. ಸಿಗ್ನಲ್ಲಿನಲ್ಲಿ ನಿಂತಾಗ ಏರಿ ಹೆದ್ದಾರಿಯಲ್ಲಿ ಇಳಿದರೆ ಫ್ಯಾನ್ ತಿರುಗುತ್ತಿಲ್ಲ. ಸಿಗ್ನಲ್ಲಿನಲ್ಲಿ ಸರಿಯಿದ್ದು ಏರು ಹತ್ತುವಾಗ, ಹೆದ್ದಾರಿಯಲ್ಲಿ ಏರಿದರೆ ರೇಡಿಯೇಟರ್ ಕಟ್ಟಿಕೊಂಡಿದೆ, ಇಲ್ಲವೇ ವಾಟರ್ ಪಂಪ್ ದುರ್ಬಲ. ಸ್ಟಾರ್ಟ್ ಮಾಡಿ ಐದಾರು ನಿಮಿಷದಲ್ಲೇ ಸೂಜಿ ಮೇಲೇರಿ, ಒಂದು ಹೋಸ್ ಕಾದು ಇನ್ನೊಂದು ತಣ್ಣಗೆ ಉಳಿದರೆ ಥರ್ಮೋಸ್ಟಾಟ್ (ಇಂಜಿನ್ ಕಾದ ಮೇಲೆ ತೆರೆದು ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ಕವಾಟ) ಮುಚ್ಚಿದಂತೆಯೇ ಸಿಕ್ಕಿಹಾಕಿಕೊಂಡಿದೆ.

ಇದರಲ್ಲಿ ಮೊದಲನೆಯದು ನನಗೇ ಬಂದಿತ್ತು. ಯಶವಂತಪುರದ ಸಿಗ್ನಲ್ಲಿನಲ್ಲಿ ಸೂಜಿ ಕೆಂಪಿನ ಅಂಚಿಗೆ ಬಂತು. ಹತ್ತಿರದ ಗ್ಯಾರೇಜಿನವರು ಬಾನೆಟ್ ಎತ್ತಿ ಎರಡು ನಿಮಿಷ ನೋಡಿ, ‘ರೇಡಿಯೇಟರ್ ಚೋಕ್ ಆಗಿದೆ ಸಾರ್, ಚೇಂಜ್ ಮಾಡ್ಬೇಕು’ ಅಂದರು. ಬೆಳಿಗ್ಗೆಯಷ್ಟೇ ತುಮಕೂರು ರಸ್ತೆಯಲ್ಲಿ ಒಂದೂವರೆ ಗಂಟೆ ಓಡಿಸಿಕೊಂಡು ಬಂದಿದ್ದೆ, ಆಗ ಸೂಜಿ ಕದಲಿರಲಿಲ್ಲ. ಚೋಕ್ ಆದ ರೇಡಿಯೇಟರ್ ಹೆದ್ದಾರಿಯಲ್ಲಿ ಸುಮ್ಮನಿರುತ್ತದೆಯೇ? ಗಾಡಿ ಆರಿದ ಮೇಲೆ ಸ್ಟಾರ್ಟ್ ಮಾಡಿ ಎಸಿ ಹಾಕಿದೆ. ಎಸಿ ಹಾಕಿದರೆ ಫ್ಯಾನ್ ತಿರುಗಲೇಬೇಕು. ತಿರುಗಲಿಲ್ಲ. ಬಾನೆಟ್ ಒಳಗಿನ ಫ್ಯೂಸ್ ಬಾಕ್ಸಿನ ಮುಚ್ಚಳದಲ್ಲೇ ಚಿತ್ರ ಇರುತ್ತದೆ. ಫ್ಯಾನಿನ ಫ್ಯೂಸ್ ಎಳೆದು ಆಕಾಶಕ್ಕೆ ಹಿಡಿದರೆ ಒಳಗಿನ ತಂತಿ ತುಂಡಾಗಿ ಪ್ಲಾಸ್ಟಿಕ್ಕಿಗೆ ಮಸಿ ಹತ್ತಿತ್ತು. ಹೊಸ ಫ್ಯೂಸಿಗೆ ಹತ್ತು ರೂಪಾಯಿ. ನಾನು ಬುದ್ಧಿವಂತ ಎಂದುಕೊಂಡು ಮನೆಗೆ ಬಂದೆ.

ಎರಡನೇ ದಿನ ಅದೂ ಹೋಯಿತು. ಫ್ಯೂಸ್ ಸುಮ್ಮನೆ ಹೋಗುವುದಿಲ್ಲ. ಇಂಜಿನ್ ಆಫ್ ಮಾಡಿ ಕಪ್ಪು ವೈರ್ ಬಿಚ್ಚಿಟ್ಟು ಬೆರಳಲ್ಲಿ ಫ್ಯಾನ್ ತಳ್ಳಿದರೆ ಹಳೇ ಬಾವಿಯ ರಾಟೆಯಂತೆ ಗರಗರ ಎಂದು ಅರ್ಧ ಸುತ್ತಿಗೆ ನಿಂತಿತು. ಮೋಟಾರಿನ ಬೇರಿಂಗ್ ಹಿಡಿದುಕೊಂಡು ಹೆಚ್ಚು ಕರೆಂಟ್ ಎಳೆಯುತ್ತಿತ್ತು. ಮೋಟಾರ್ ಬದಲಿಸಿದ ಮೇಲೆ ಸರಿಹೋಯಿತು. ಅದಕ್ಕೇ ಹೇಳುವುದು: ಸುಟ್ಟ ಫ್ಯೂಸಿನ ಜಾಗಕ್ಕೆ ಅದೇ ಆಂಪಿಯರ್‌ನದ್ದನ್ನೇ ಹಾಕಿ. ದೊಡ್ಡದನ್ನೋ ತಂತಿಯನ್ನೋ ಹಾಕಿದರೆ ಮುಂದೆ ಸುಡುವುದು ವೈರಿಂಗ್. ಎಸಿ ಹಾಕಿದಾಗ ಫ್ಯಾನ್ ತಿರುಗಿ, ಎಸಿ ಇಲ್ಲದೆ ಹೀಟ್ ಆಗುತ್ತಿದ್ದರೆ ಮೋಟಾರ್ ಚೆನ್ನಾಗಿದೆ. ತಾಪ ಅಳೆಯುವ ಸೆನ್ಸರ್ ಅಥವಾ ರಿಲೇ ನೋಡಿಸಿ.

ಥರ್ಮೋಸ್ಟಾಟ್ ವಿಷಯದಲ್ಲಿ ನಮ್ಮ ಕಡೆ ಒಂದು ಕೆಟ್ಟ ರೂಢಿಯಿದೆ. ‘ನಮ್ಮ ಹವೆಗೆ ಅದು ಬೇಕಾಗಿಲ್ಲ’ ಎಂದು ಕಿತ್ತೆಸೆಯುತ್ತಾರೆ. ಇಂಜಿನ್ ಆಮೇಲೆ ಬೇಕಾದ ಬಿಸಿಗೆ ಬರುವುದೇ ಇಲ್ಲ, ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ, ಮೈಲೇಜ್ ಬೀಳುತ್ತದೆ, ಎಮಿಷನ್ ಟೆಸ್ಟಿನಲ್ಲೂ ಸಿಕ್ಕಿಬೀಳುತ್ತದೆ. ಅರ್ಧ ಗಂಟೆ ಓಡಿಸಿದರೂ ಸೂಜಿ ಕೆಳಗೇ ಇದ್ದರೆ ಹಿಂದೆ ಯಾರೋ ಅದನ್ನು ತೆಗೆದಿರಬಹುದು, ವಿಚಾರಿಸಿ.

ದಾರಿಯಲ್ಲಿ ಬೇರೆ ಗತಿಯಿಲ್ಲದಾಗ ಕುಡಿಯುವ ನೀರು ಹಾಕಿ ಮನೆ ಸೇರಿ, ತಪ್ಪಿಲ್ಲ. ಆದರೆ ಅದರಲ್ಲೇ ವರ್ಷ ಕಳೆಯಬೇಡಿ. ಬೋರ್‌ವೆಲ್ ನೀರಾದರಂತೂ ಸ್ನಾನದ ಹಂಡೆಯ ತಳದಲ್ಲಿ ಕಟ್ಟುವ ಅದೇ ಬಿಳಿ ಪದರ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ.

ಇಲ್ಲಿ ನಿಲ್ಲಿಸಿ: ಹೊರಗೆಲ್ಲೂ ಸೋರದೆ ಕೂಲೆಂಟ್ ಕಡಿಮೆಯಾಗುತ್ತಿದೆ, ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ, ಆಯಿಲ್ ಗೇಜಿನ ಕಡ್ಡಿಯಲ್ಲಿ ಹಾಲು ಹಾಕಿದ ಟೀ ಬಣ್ಣದ ನೊರೆ. ಹೆಡ್ ಗ್ಯಾಸ್ಕೆಟ್ ಹೋಗಿದೆ, ಓಡಿಸಬೇಡಿ. ಮಳೆಗಾಲದಲ್ಲಿ ಎರಡೆರಡು ಕಿಲೋಮೀಟರ್ ಓಡುವ ಗಾಡಿಯ ಆಯಿಲ್ ಮುಚ್ಚಳದ ಒಳಮೈಯಲ್ಲಿ ಸ್ವಲ್ಪ ನೊರೆ ಕಟ್ಟುವುದು ಸಹಜ, ಅದನ್ನು ನೋಡಿ ಗಾಬರಿಯಾಗಬೇಡಿ; ಕಡ್ಡಿಯಲ್ಲಿರುವ ಆಯಿಲ್ ಏನು ಹೇಳುತ್ತದೆ ಎಂಬುದೇ ಮುಖ್ಯ.

ಬ್ರೇಕ್ ಒತ್ತಿದಾಗ

ಘಟ್ಟ ಇಳಿಯುವ ಊರುಗಳವರು ಇದನ್ನು ಎರಡು ಸಲ ಓದಿ.

ರಾತ್ರಿ ಮಳೆ ಬಂದು ಬೆಳಿಗ್ಗೆ ಮೊದಲೆರಡು ಬ್ರೇಕಿಗೆ ಕರಕರ ಅಂದು ನಿಂತುಹೋದರೆ ಅದು ಡಿಸ್ಕಿನ ಮೇಲೆ ಹತ್ತಿದ ತೆಳು ತುಕ್ಕು. ದಿನವಿಡೀ ಸಣ್ಣಗೆ ಕೀಂಯ್ ಅನ್ನುತ್ತಿದ್ದರೆ ಪ್ಯಾಡ್ ಸವೆದಿದೆ ಎಂದು ಹೇಳಲೆಂದೇ ಇಟ್ಟ ಲೋಹದ ಪಟ್ಟಿ ಉಜ್ಜುತ್ತಿರಬಹುದು. ಚಕ್ರದ ಸಂದಿಯಿಂದ ಟಾರ್ಚ್ ಬಿಡಿ, ಪ್ಯಾಡಿನ ಉಜ್ಜುವ ಪದರ 3 ಮಿಲಿಮೀಟರಿಗೆ ಬಂದಿದ್ದರೆ ಬದಲಿಸಿ. ಒಂದು ಕಡೆಯದ್ದಷ್ಟೇ ಬೇಡ, ಎರಡೂ ಮುಂದಿನ ಚಕ್ರದ್ದು ಒಟ್ಟಿಗೆ. ಗರಗರ ಎಂದು ಕಬ್ಬಿಣ ಕಬ್ಬಿಣಕ್ಕೆ ತೇಯುವ ಸದ್ದಾದರೆ ಗಾಡಿ ಅಲ್ಲೇ ನಿಲ್ಲಲಿ.

ಸದ್ದಿಗಿಂತ ಕಾಲಿನ ಕೆಳಗಿನ ಅನುಭವ ಹೆಚ್ಚು ಹೇಳುತ್ತದೆ. ಗಾಡಿ ನಿಲ್ಲಿಸಿ, ಇಂಜಿನ್ ಓಡುತ್ತಿರುವಾಗ ಪೆಡಲನ್ನು ಒತ್ತಿ ಅರ್ಧ ನಿಮಿಷ ಹಾಗೇ ಹಿಡಿಯಿರಿ. ನಿಧಾನಕ್ಕೆ ಕೆಳಗೆ ಜಾರಿದರೆ ಎಲ್ಲೋ ಸೋರುತ್ತಿದೆ ಅಥವಾ ಮಾಸ್ಟರ್ ಸಿಲಿಂಡರ್ ಒಳಗೇ ಬಿಡುತ್ತಿದೆ. ಗ್ಯಾರೇಜಿಗೂ ಓಡಿಸಿಕೊಂಡು ಹೋಗಬೇಡಿ, ಮೆಕ್ಯಾನಿಕ್‌ನನ್ನೇ ಕರೆಸಿ. ಸ್ಪಂಜು ಒತ್ತಿದಂತೆ ಮೆತ್ತಗಿದ್ದು, ಎರಡು ಸಲ ಪಂಪ್ ಮಾಡಿದರೆ ಗಟ್ಟಿಯಾಗುತ್ತದೆ ಅಂದರೆ ಪೈಪಿನಲ್ಲಿ ಗಾಳಿ ಸೇರಿದೆ. ಕಲ್ಲಿನಂತೆ ಗಟ್ಟಿಯಾಗಿದ್ದು ಗಾಡಿ ನಿಲ್ಲುವುದಿಲ್ಲ ಅಂದರೆ ಕಾಲಿನ ಒತ್ತಡಕ್ಕೆ ಬಲ ಕೂಡಿಸುವ ಬೂಸ್ಟರ್ ಕೆಟ್ಟಿದೆ. ಅದಕ್ಕೊಂದು ಸುಲಭ ಪರೀಕ್ಷೆ: ಇಂಜಿನ್ ಆಫ್ ಇರುವಾಗ ಐದು ಸಲ ಪೆಡಲ್ ತುಳಿದು, ಆರನೆಯ ಸಲ ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಕಾಲಿನಡಿ ಸ್ವಲ್ಪ ಕುಸಿಯಬೇಕು. ಕುಸಿಯದಿದ್ದರೆ ವ್ಯಾಕ್ಯೂಮ್ ಪೈಪ್, ಬೂಸ್ಟರ್ ನೋಡಿಸಿ.

ಬ್ರೇಕ್ ಆಯಿಲ್ ಡಬ್ಬದ ಮಟ್ಟ ಇಳಿದಿದ್ದರೆ ತಕ್ಷಣ ತುಂಬಿಸಬೇಡಿ. ಪ್ಯಾಡ್ ಸವೆದಷ್ಟೂ ಮಟ್ಟ ಇಳಿಯುತ್ತದೆ. ತುಂಬಿಸಿಟ್ಟರೆ ಆ ಸುಳಿವು ಅಳಿಸಿಹೋಗುತ್ತದೆ. ಮೊದಲು ಪ್ಯಾಡ್ ನೋಡಿ, ಆಮೇಲೆ ನಾಲ್ಕೂ ಚಕ್ರದ ಒಳಬದಿಯಲ್ಲಿ ಒದ್ದೆ ಇದೆಯೇ ನೋಡಿ. ಈ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಕುದಿಯಬೇಕಾದರೆ ಕನಿಷ್ಠ 230 ಡಿಗ್ರಿ ಬೇಕು. ತೇವ ಹೀರಿಕೊಂಡದ್ದಕ್ಕೆ ಮಾನದಂಡ ಕೇಳುವುದೇ 155. ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಆ ಬಿಸಿ ಬರಲು ಹೆಚ್ಚು ಹೊತ್ತು ಬೇಡ. ಕುದಿದರೆ ಪೈಪಿನಲ್ಲಿ ಗುಳ್ಳೆ, ಪೆಡಲ್ ನೆಲಕ್ಕೆ. ಎರಡು ವರ್ಷಕ್ಕೊಮ್ಮೆ ಬದಲಿಸಿ, ಹತ್ತಿದ ಗೇರಿನಲ್ಲೇ ಇಳಿಯಿರಿ. ಸುಟ್ಟ ವಾಸನೆ ಬಂದರೆ ತಿರುವಲ್ಲದ ಜಾಗದಲ್ಲಿ ನಿಲ್ಲಿಸಿ ಇಪ್ಪತ್ತು ನಿಮಿಷ ಆರಲು ಬಿಡಿ, ನೀರು ಎರಚಬೇಡಿ.

ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆ ಎಳೆದರೆ, ಸ್ವಲ್ಪ ಓಡಿಸಿ ಬಂದು ಎರಡೂ ಮುಂದಿನ ಚಕ್ರದ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಒಂದು ಒಲೆಯಂತೆ ಕಾದಿದ್ದರೆ ಆ ಕಡೆ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಸಿಕ್ಕಿಕೊಂಡಿದೆ. ಎಬಿಎಸ್ ಇರುವ ಗಾಡಿಯಲ್ಲಿ ಜೋರಾಗಿ ತುಳಿದಾಗ ಪೆಡಲ್ ಕಾಲಿಗೆ ದಡದಡ ಬಡಿಯುವುದು ಮಾತ್ರ ದೋಷವಲ್ಲ, ಅದು ಕೆಲಸ ಮಾಡುವ ರೀತಿಯೇ ಹಾಗೆ.

ಸ್ಟೇರಿಂಗ್ ಎಳೆಯುತ್ತದೆ, ನಡುಗುತ್ತದೆ

ಅಲೈನ್‌ಮೆಂಟಿಗೆ ಹೋಗುವ ಮೊದಲು ಗಾಳಿ. ಬೆಳಿಗ್ಗೆ, ಗಾಡಿ ಓಡಿಸದೆ ಅಳೆಯಿರಿ. ಎಷ್ಟಿರಬೇಕು ಎಂಬುದು ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲಿನ ಚೀಟಿಯಲ್ಲಿರುತ್ತದೆ. ಗಾಳಿ ಸಮವಿದ್ದೂ ಎಳೆದರೆ ಮುಂದಿನ ಎರಡು ಟೈರನ್ನು ಎಡ ಬಲ ಅದಲುಬದಲು ಮಾಡಿಸಿ. ಎಳೆತವೂ ದಿಕ್ಕು ಬದಲಿಸಿದರೆ ದೋಷ ಟೈರಿನದು, ಬದಲಿಸದಿದ್ದರೆ ಅಲೈನ್‌ಮೆಂಟಿನದು. ಪಂಕ್ಚರ್ ಅಂಗಡಿಯಲ್ಲಿ ಹತ್ತು ನಿಮಿಷದ ಕೆಲಸ. ಟೈರಿನ ಮೇಲೆ ಬಾಣದ ಗುರುತಿದ್ದರೆ ಮಾತ್ರ ಹೀಗೆ ಬದಲಿಸುವಂತಿಲ್ಲ.

ಟೈರಿನ ಮೈಯನ್ನು ಅಂಗೈಯಲ್ಲಿ ಸವರಿ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ನಡು ಸವೆದಿದ್ದರೆ ಹೆಚ್ಚು, ಒಂದೇ ಅಂಚಾದರೆ ಅಲೈನ್‌ಮೆಂಟ್, ಅಲ್ಲಲ್ಲಿ ಗುಳಿ ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್. ಗೆರೆಯ ಆಳ 1.6 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಕಾನೂನಿನ ಪ್ರಕಾರವೇ ಆ ಟೈರ್ ರಸ್ತೆಗೆ ಸಲ್ಲದು. ಗೆರೆಗಳ ಸಂದಿಯಲ್ಲಿರುವ ಸಣ್ಣ ದಿಬ್ಬ ಟೈರಿನ ಮೇಲ್ಮೈಗೆ ಸಮವಾದರೆ ಆ ಮಿತಿ ಬಂತು ಎಂದರ್ಥ. ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ: 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಕಡಿಮೆ ಓಡುವ ಮನೆ ಕಾರುಗಳಲ್ಲಿ ಗೆರೆ ಹೊಸದರಂತಿದ್ದು ಪಕ್ಕದ ರಬ್ಬರ್ ಬಿರುಕು ಬಿಟ್ಟಿರುತ್ತದೆ. ಉಬ್ಬು ಕಂಡರೆ ಆ ಟೈರಿನಲ್ಲಿ ಹೆದ್ದಾರಿ ಹತ್ತಬೇಡಿ.

80ರಿಂದ 100ರ ವೇಗದಲ್ಲಿ ಮಾತ್ರ ಸ್ಟೇರಿಂಗ್ ನಡುಗಿದರೆ ವೀಲ್ ಬ್ಯಾಲೆನ್ಸಿಂಗ್. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್ ಸಮವಾಗಿಲ್ಲ. ಪೂರ್ತಿ ತಿರುಗಿಸಿ ಹೊರಟಾಗ ಟಕಟಕ ಅಂದರೆ ಆಕ್ಸಲ್ ಜಾಯಿಂಟ್. ಅದರ ರಬ್ಬರ್ ಬೂಟ್ ಹರಿದು ಗ್ರೀಸ್ ಚಕ್ರದ ಒಳಗೆಲ್ಲ ಸಿಡಿದಿರುತ್ತದೆ. ಬೂಟ್ ಹರಿದಾಗಲೇ ಕಂಡರೆ ಕೆಲವು ನೂರರಲ್ಲಿ ಮುಗಿಯುವುದು, ತಡವಾದರೆ ಸಾವಿರಕ್ಕೆ ಹೋಗುತ್ತದೆ. ವೇಗ ಹೆಚ್ಚಿದಂತೆ ಹಿಟ್ಟಿನ ಗಿರಣಿಯ ಹಾಗೆ ಗುಂಯ್‌ಗುಡುತ್ತ, ತಿರುವಿನಲ್ಲಿ ಸದ್ದು ಬದಲಾದರೆ ವೀಲ್ ಬೇರಿಂಗ್. ಸ್ಟೇರಿಂಗಿನಲ್ಲೇ ಆಟ ಬಂದಿದೆ, ತಿರುಗಿಸಿದರೂ ಚಕ್ರ ತಡವಾಗಿ ಕೇಳುತ್ತದೆ ಅಂದರೆ ಅಂದೇ ತೋರಿಸಿ.

ಹೊಗೆ, ಮತ್ತು ಎಮಿಷನ್ ಟೆಸ್ಟಿನಲ್ಲಿ ಫೇಲ್

ಚಳಿ ಬೆಳಿಗ್ಗೆ ತೆಳು ಬಿಳಿ ಆವಿ ಬಂದು ಹೋಗುವುದು ಬರೀ ನೀರು. ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ: ಸ್ಟಾರ್ಟ್ ಮಾಡಿದ ತಕ್ಷಣ ಮಾತ್ರ ಬಂದರೆ ವಾಲ್ವ್ ಸೀಲ್, ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಬಂದರೆ ಪಿಸ್ಟನ್ ರಿಂಗ್. ಕಪ್ಪು ಹೊಗೆ ಅಂದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ.

ಪೆಟ್ರೋಲ್ ಕಾರಿಗೆ ಎಮಿಷನ್ ಮಿತಿ ಅದು ಯಾವ ಬಿಎಸ್ (ಭಾರತ್ ಸ್ಟೇಜ್, ಹೊಸ ಗಾಡಿಯ ಹೊಗೆಗೆ ಸರ್ಕಾರ ಇಟ್ಟ ಮಾನದಂಡ) ಹಂತದ್ದು ಎಂಬುದರ ಮೇಲೆ ಹೋಗುತ್ತದೆ. ಬಿಎಸ್ 4 ಗಾಡಿಯ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ 0.3 ಶೇಕಡಾ, ಹೈಡ್ರೋಕಾರ್ಬನ್ 200 ಪಿಪಿಎಂ ಮೀರಬಾರದು. ಬಿಎಸ್ 2, ಬಿಎಸ್ 3 ಗಾಡಿಗೆ 0.5 ಮತ್ತು 750. ಬೆಂಗಳೂರಿನಂಥ ಕೆಲವು ನಗರಗಳಿಗೆ ಬಿಎಸ್ 4 ಬಂದದ್ದು 2010ರಲ್ಲಿ, ದೇಶಕ್ಕೆಲ್ಲ 2017ರಲ್ಲಿ. ಹಾಗಾಗಿ ಒಂದೇ ವರ್ಷದ, ಒಂದೇ ಮಾಡೆಲ್ಲಿನ ಕಾರಾದರೂ ಬೆಂಗಳೂರಿನದಕ್ಕೆ ಒಂದು ಮಿತಿ, ಜಿಲ್ಲೆಯದಕ್ಕೆ ಇನ್ನೊಂದು ಇರಬಹುದು. ಟೆಸ್ಟ್ ಮಾಡುವವರು ತಪ್ಪು ವರ್ಗ ಒತ್ತಿಲ್ಲ ತಾನೇ ಎಂದು ನೋಡಿಕೊಳ್ಳಿ.

ಫೇಲಾದರೆ ಮೊದಲ ಮದ್ದು ಪುಕ್ಕಟೆ: ಹದಿನೈದು ಇಪ್ಪತ್ತು ಕಿಲೋಮೀಟರ್ ಓಡಿಸಿ, ಇಂಜಿನ್ ಚೆನ್ನಾಗಿ ಕಾದಿರುವಾಗ ಮತ್ತೆ ಹೋಗಿ. ತಣ್ಣನೆಯ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸವನ್ನೇ ಮಾಡುವುದಿಲ್ಲ. ಆಮೇಲೆ ಏರ್ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿದು ನೋಡಿ, ಕೆಮ್ಮಣ್ಣಿನ ರಸ್ತೆಯ ಗಾಡಿಯಾದರೆ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ. ಅದಾದ ಮೇಲೆ ಸ್ಪಾರ್ಕ್ ಪ್ಲಗ್: ತುದಿ ಕಂದು ಬಣ್ಣವಿದ್ದರೆ ಒಳ್ಳೆಯದು, ಒಣ ಮಸಿಯಿದ್ದರೆ ಪೆಟ್ರೋಲ್ ಹೆಚ್ಚು, ಜಿಡ್ಡಾಗಿದ್ದರೆ ಆಯಿಲ್. ಇಷ್ಟಕ್ಕೂ ಸರಿಹೋಗದಿದ್ದರೆ ಆಕ್ಸಿಜನ್ ಸೆನ್ಸರ್. ಅದನ್ನು ಸ್ಕ್ಯಾನರ್ ಹಾಕಿಯೇ ನೋಡಬೇಕು. ಊಹೆಯ ಮೇಲೆ ಸೆನ್ಸರ್ ಬದಲಿಸುವವರ ಮಾತು ಕೇಳಬೇಡಿ, ‘ಸ್ಕ್ಯಾನ್ ರಿಪೋರ್ಟ್ ತೋರಿಸಿ’ ಅನ್ನಿ.

ಪೆಟ್ರೋಲ್ ವಾಸನೆ ಮಾತ್ರ ಬೇರೆಯೇ ಮಾತು. ಈಗ ಬಂಕುಗಳಲ್ಲಿ ಸಿಗುವುದು 20 ಶೇಕಡಾ ಎಥೆನಾಲ್ ಬೆರೆತ ಪೆಟ್ರೋಲ್. ಹಳೆಯ ಗಾಡಿಗಳ ರಬ್ಬರ್ ಪೈಪು, ಓರಿಂಗುಗಳನ್ನು ಅದಕ್ಕೆಂದು ಮಾಡಿದ್ದಲ್ಲ. ಇಂಜಿನ್ ಬಳಿಯ ಪೆಟ್ರೋಲ್ ಪೈಪ್ ಬಿರುಕು ಬಿಟ್ಟಿದೆಯೇ, ಉಬ್ಬಿ ಮೆತ್ತಗಾಗಿದೆಯೇ ಎಂದು ಸರ್ವೀಸಿಗೊಮ್ಮೆ ನೋಡಿ. ವಾಸನೆ ಬರುತ್ತಿದ್ದರೆ ಸ್ಟಾರ್ಟ್ ಮಾಡದೆ, ಸ್ವಿಚ್ ಒತ್ತದೆ, ಗಾಡಿಯನ್ನು ಬಯಲಿಗೆ ತಳ್ಳಿ ಮೆಕ್ಯಾನಿಕ್‌ಗೆ ಫೋನ್ ಮಾಡಿ.

ನಿಲ್ಲಿಸಿದ ಜಾಗದಲ್ಲಿ ಕಲೆ

ರಾತ್ರಿ ಇಂಜಿನ್ ಕೆಳಗೆ ರಟ್ಟಿನ ತುಂಡು ಹಾಸಿ. ಬೆಳಿಗ್ಗೆ ಕಲೆ ಎಲ್ಲಿ ಬಿದ್ದಿದೆ, ಯಾವ ಬಣ್ಣ ಎಂದು ನೋಡಿದರೆ ಅರ್ಧ ಕೆಲಸ ಮುಗಿಯಿತು. ಬಣ್ಣವಿಲ್ಲದ ನೀರಾದರೆ ಎಸಿಯದು, ಮರೆತುಬಿಡಿ. ಕಪ್ಪು ಕಂದು ಜಿಡ್ಡು ಇಂಜಿನ್ ಆಯಿಲ್. ಹಸಿರು, ಗುಲಾಬಿಯಾಗಿ ಜಿಗುಟಾಗಿದ್ದರೆ ಕೂಲೆಂಟ್. ಚಕ್ರದ ಪಕ್ಕದಲ್ಲಿ ತಿಳಿ ಹಳದಿ, ನೀರಿನಂತೆ ತೆಳು, ಬೆರಳಿಗೆ ಜಾರುವಂಥದ್ದಾದರೆ ಬ್ರೇಕ್ ಆಯಿಲ್. ಆಗ ಗಾಡಿ ತೆಗೆಯಬೇಡಿ.

ಡ್ಯಾಶ್‌ಬೋರ್ಡಿನ ದೀಪಗಳು

ಕೆಂಪು ದೀಪ ಅಂದರೆ ನಿಲ್ಲಿಸು, ಹಳದಿ ಅಂದರೆ ತೋರಿಸು. ಆಯಿಲ್ ಕುಡಿಕೆಯ ಕೆಂಪು ದೀಪ ಓಡುವಾಗ ಹತ್ತಿದರೆ ‘ಮುಂದಿನ ಬಂಕ್ ತನಕ’ ಅನ್ನಬೇಡಿ. ಆಯಿಲ್ ಒತ್ತಡವಿಲ್ಲದ ಇಂಜಿನ್ ಕೆಲವೇ ನಿಮಿಷದಲ್ಲಿ ಹಿಡಿದುಕೊಳ್ಳುತ್ತದೆ. ಹಳದಿ ಇಂಜಿನ್ ದೀಪ ಸ್ಥಿರವಾಗಿದ್ದರೆ ಈ ವಾರ ತೋರಿಸಿ, ಮಿನುಗುತ್ತಿದ್ದರೆ ನಿಧಾನಿಸಿ ಬದಿಗೆ ತನ್ನಿ, ಸಿಲಿಂಡರೊಂದು ಉರಿಯುತ್ತಿಲ್ಲ. ಕೀ ಆನ್ ಮಾಡಿದಾಗ ಈ ಎಚ್ಚರಿಕೆಯ ದೀಪಗಳು ಒಮ್ಮೆ ಹತ್ತಿ, ಇಂಜಿನ್ ಸ್ಟಾರ್ಟ್ ಆದ ಮೇಲೆ ಆರಬೇಕು. ಯಾವುದಾದರೂ ಒಂದು ಹತ್ತಲೇ ಇಲ್ಲದಿದ್ದರೆ ಬಲ್ಬ್ ಹೋಗಿದೆ, ಇಲ್ಲವೇ ಹಿಂದಿನವರು ತೆಗೆಸಿದ್ದಾರೆ. ಹಳೇ ಕಾರು ಕೊಳ್ಳುವಾಗ ನಾನು ಮೊದಲು ನೋಡುವುದೇ ಇದನ್ನು.

ಆರ್‌ಟಿಒ ಮೈದಾನದಲ್ಲಿ

ಅವಧಿ ಮುಗಿಯುವ 60 ದಿನ ಮೊದಲಿನಿಂದ ಫಾರಂ 25 ಹಾಕಬಹುದು. 2022ರ ಏಪ್ರಿಲ್‌ಗೆ ಮೊದಲು 600 ರೂಪಾಯಿ ಇದ್ದ ನವೀಕರಣ ಶುಲ್ಕ ಕಾರಿಗೆ ಈಗ 5,000. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಿಂದ 10,000. ಅರ್ಜಿ ತಡವಾದರೆ ತಿಂಗಳಿಗೆ 500ರಂತೆ ದಂಡ, ಹಸಿರು ತೆರಿಗೆ ಬೇರೆ. ವಿಮೆ, ಎಮಿಷನ್ ಪ್ರಮಾಣಪತ್ರ ಚಾಲ್ತಿಯಲ್ಲಿರಬೇಕು, ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಇರಬೇಕು.

ನೋಡುವುದು ಬ್ರೇಕ್, ಟೈರ್, ದೀಪಗಳು, ವೈಪರ್, ಹಾರ್ನ್, ಸೀಟ್ ಬೆಲ್ಟ್, ಬಾಡಿಯ ತುಕ್ಕು. ಗಾಜಿನ ಕಪ್ಪು ಫಿಲ್ಮ್ ಮನೆಯಲ್ಲೇ ಕಿತ್ತುಬನ್ನಿ. ಹಿಂದಿನ ಸಂಜೆ ಗೋಡೆಯೆದುರು ಗಾಡಿ ನಿಲ್ಲಿಸಿ ಒಂದೊಂದೇ ದೀಪ ಹಾಕಿ; ಹಳದಿಗಟ್ಟಿದ ಹೆಡ್‌ಲೈಟ್ ಗಾಜಿಗೆ ಬಿಳಿ ಟೂತ್‌ಪೇಸ್ಟ್ ತಿಕ್ಕಿದರೂ ತಕ್ಕಮಟ್ಟಿಗೆ ತಿಳಿಯಾಗುತ್ತದೆ. ಚಾಸಿ ನಂಬರ್ ಎಲ್ಲಿದೆ ಎಂದು ಮೊದಲೇ ಹುಡುಕಿಟ್ಟುಕೊಳ್ಳಿ. ನನ್ನ ಗಾಡಿಯದು ಮುಂದಿನ ಸೀಟಿನ ಕೆಳಗೆ ಕಾರ್ಪೆಟ್ಟಿನಡಿ ಇತ್ತು, ಮೇಲೆ ಹದಿನೈದು ವರ್ಷದ ಧೂಳು. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಉಪ್ಪುಕಾಗದ ಹಾಕಿ ಉಜ್ಜಬೇಡಿ, ಅಂಕಿ ಸವೆದರೆ ತಿದ್ದಿದ್ದಾರೆಂಬ ಅನುಮಾನಕ್ಕೆ ನೀವೇ ಉತ್ತರ ಕೊಡಬೇಕಾಗುತ್ತದೆ.

ನನ್ನ ಸರದಿ ಬಂದಾಗ ಇನ್‌ಸ್ಪೆಕ್ಟರ್ ಬ್ರೇಕ್ ನೋಡಿದರು, ಟೈರ್ ನೋಡಿದರು, ಚಾಸಿ ನಂಬರಿನ ಪೆನ್ಸಿಲ್ ಅಚ್ಚು ತಾಳೆ ನೋಡಿದರು. ಪಾರ್ಕಿಂಗ್ ಲೈಟ್ ಹಾಕಿಸಿ ಹಿಂದಕ್ಕೆ ಹೋದವರು, ‘ನಂಬರ್ ಪ್ಲೇಟ್ ಲೈಟ್ ಇಲ್ವಲ್ರೀ’ ಅಂದರು. ಮೂರು ತಿಂಗಳ ಭಾನುವಾರಗಳಲ್ಲಿ ಅದೊಂದನ್ನು ನಾನು ನೋಡಿರಲಿಲ್ಲ. ಗೇಟಿನ ಹೊರಗಿನ ಅಂಗಡಿಯಲ್ಲಿ ಬಲ್ಬಿಗೆ ಇಪ್ಪತ್ತು ರೂಪಾಯಿ ಕೊಟ್ಟು, ಡಿಕ್ಕಿ ತೆರೆದು ಅಲ್ಲೇ ಕೂರಿಸಿ, ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತೆ.